ಹನ್ನೆರಡು ಚಾನೆಲ್‌ನ ಇಸಿಜಿ ಯಂತ್ರ: ಗೆರೆಗೆ ಪೂರ್ಣ ಅಂಕ, ಷರಾಕ್ಕೆ ಅಲ್ಲ

ತಾಲ್ಲೂಕು ಕೇಂದ್ರದ ನಮ್ಮ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಹಳೆಯ ಮೂರು ಚಾನೆಲ್‌ನ ಯಂತ್ರದ ಜಾಗದಲ್ಲಿ ಹನ್ನೆರಡು ಚಾನೆಲ್‌ನ ಹೊಸ ಇಸಿಜಿ ಯಂತ್ರ ಬಂದು ವರ್ಷದ ಮೇಲಾಯಿತು. ಬೆಲೆ ಲಕ್ಷ ರೂಪಾಯಿಯ ಆಸುಪಾಸಿನದು. ಪರದೆ, ಬ್ಯಾಟರಿ, ಅಗಲದ ಕಾಗದ, ವೈಫೈ ಎಲ್ಲವೂ ಇದರಲ್ಲಿವೆ. ಇವೆಲ್ಲಕ್ಕಿಂತ ಮಾರಾಟಗಾರರು ಹೆಚ್ಚು ಒತ್ತಿ ಹೇಳಿದ್ದು, ಇಸಿಜಿ ತೆಗೆದ ಮರುಕ್ಷಣವೇ ಕಾಗದದ ತಲೆಯಲ್ಲಿ ರೋಗನಿರ್ಣಯದ ಷರಾವನ್ನು ತಾನೇ ಮುದ್ರಿಸುವ ತಂತ್ರಾಂಶದ ಬಗ್ಗೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಗುಣದೋಷಗಳು ಈ ಬೆಲೆಯ ಯಂತ್ರಗಳಿಗೆ ಹೆಚ್ಚುಕಡಿಮೆ ಸಮಾನವಾಗಿ ಅನ್ವಯಿಸುತ್ತವೆ. ಎದೆನೋವೆಂದು ಬಂದವರ ಕಷ್ಟದ ಇಸಿಜಿಗಳನ್ನು ಓದುವ ಕೆಲಸದಲ್ಲಿ ಇದು ಎಷ್ಟು ನೆರವಾಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಈ ವಿಮರ್ಶೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗೆರೆ ಎಳೆಯುವ ಯಂತ್ರವಾಗಿ ಇದನ್ನು ಧೈರ್ಯವಾಗಿ ಕೊಳ್ಳಬಹುದು, ಗೆರೆ ಓದುವ ಯಂತ್ರವಾಗಿ ಕೊಳ್ಳಬಾರದು.

ಮೊದಲು ಗೆರೆಯ ವಿಷಯ. ಹಳೆಯ ಯಂತ್ರ ಮೂರು ಮೂರು ಲೀಡ್‌ಗಳನ್ನು (ಹೃದಯದ ವಿದ್ಯುತ್ತನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಗಳು; ಕೈಕಾಲಿನವು 1, 2, 3, ಎವಿಆರ್, ಎವಿಎಲ್, ಎವಿಎಫ್, ಎದೆಯವು ವಿ1ರಿಂದ ವಿ6) ಸರದಿಯಲ್ಲಿ ಬರೆಯುತ್ತಿತ್ತು; ರೋಗಿ ನಡುವೆ ಒಮ್ಮೆ ಕೆಮ್ಮಿದರೆ ಅಥವಾ ನೋವಿಗೆ ಮಗ್ಗುಲಾದರೆ ಆ ಭಾಗವನ್ನು ಮತ್ತೆ ತೆಗೆಯಬೇಕಿತ್ತು, ಹಾಗೂ ಒಂದೇ ಬಡಿತ ಹನ್ನೆರಡೂ ಲೀಡ್‌ಗಳಲ್ಲಿ ಹೇಗೆ ಕಾಣುತ್ತದೆ ಎಂದು ಹೋಲಿಸಿ ನೋಡುವುದು ಸಾಧ್ಯವಿರಲಿಲ್ಲ. ಈ ಯಂತ್ರ ಹನ್ನೆರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಮುದ್ರಿಸುವ ಮೊದಲು ಪರದೆಯ ಮೇಲೆ ತೋರಿಸುತ್ತದೆ, ಯಾವ ಎಲೆಕ್ಟ್ರೋಡ್ ಕಳಚಿದೆ ಎಂಬುದನ್ನು ಹೆಸರು ಹೇಳಿ ತಿಳಿಸುತ್ತದೆ. ಎದೆನೋವಿನ ರೋಗಿ ಬಾಗಿಲೊಳಗೆ ಕಾಲಿಟ್ಟ 10 ನಿಮಿಷದೊಳಗೆ ಇಸಿಜಿ ಆಗಿ, ಅದನ್ನು ವೈದ್ಯರು ನೋಡಿರಬೇಕು ಎಂಬುದು ಎಲ್ಲ ಮಾರ್ಗಸೂಚಿಗಳೂ ಹೇಳುವ ಮಾತು. ನಮ್ಮಲ್ಲಿ ಆ ಮಾತು ಪಾಲನೆಯಾಗತೊಡಗಿದ್ದು ಈ ಯಂತ್ರ ಬಂದ ಮೇಲೆಯೇ, ಅದರ ಶ್ರೇಯಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಾತ್ರಿ ಪಾಳಿಯ ಸಿಸ್ಟರ್‌ಗಳದ್ದು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಆದರೆ ಪೆಟ್ಟಿಗೆಯಿಂದ ಹೊರತೆಗೆದು ಪ್ಲಗ್ ಹಾಕಿದಾಗ ಇದ್ದ ಫಿಲ್ಟರ್ ಸೆಟ್ಟಿಂಗ್ ಸರಿಯಿರಲಿಲ್ಲ. ಗೆರೆ ಅಂದವಾಗಿ ಬರಲೆಂದು ಕೆಳಮಿತಿಯನ್ನು 0.5 ಹರ್ಟ್ಜ್‌ಗೂ ಸ್ನಾಯುಕಂಪನದ ಫಿಲ್ಟರನ್ನು 35 ಹರ್ಟ್ಜ್‌ಗೂ ಇಟ್ಟಿದ್ದರು. ಮಾನಿಟರಿಗೆ ಅದು ಸಾಕು. ರೋಗನಿರ್ಣಯದ ಇಸಿಜಿಗೆ ಸಾಲದು. ಕೆಳಮಿತಿ ಅಷ್ಟು ಮೇಲಿದ್ದರೆ ಎಸ್‌ಟಿ ಭಾಗ (ಬಡಿತದ ಚೂಪಾದ ಕ್ಯೂಆರ್‌ಎಸ್ ಅಲೆಗೂ ಅದರ ನಂತರದ ಟಿ ಅಲೆಗೂ ನಡುವಿನ ಗೆರೆ) ತನ್ನ ನಿಜವಾದ ಮಟ್ಟದಿಂದ ಜರುಗಬಹುದು, ಎದೆನೋವಿನಲ್ಲಿ ನಾವು ಅರ್ಧ ಮಿಲಿಮೀಟರಿಗೂ ತಲೆ ಕೆಡಿಸಿಕೊಳ್ಳುವುದು ಅದೇ ಭಾಗದ ಮೇಲೆ. ಮೇಲ್ಮಿತಿ ಅಷ್ಟು ಕೆಳಗಿದ್ದರೆ ಕ್ಯೂಆರ್‌ಎಸ್‌ನ ಸಣ್ಣ ಕಚ್ಚುಗಳೆಲ್ಲ ನಯವಾಗಿ ಅಳಿಸಿಹೋಗುತ್ತವೆ. ಈಗ 0.05ರಿಂದ 150 ಹರ್ಟ್ಜ್‌ಗೆ ಇಟ್ಟುಕೊಂಡಿದ್ದೇವೆ, ವಿದ್ಯುತ್ ಸರಬರಾಜಿನ 50 ಹರ್ಟ್ಜ್ ಫಿಲ್ಟರ್ ಮಾತ್ರ ಹಾಕಿರುತ್ತದೆ. ಕೈಪಿಡಿಯಲ್ಲಿ ಈ ವಿಷಯ ಕೊನೆಯ ಪುಟಗಳ ಒಂದು ಕೋಷ್ಟಕದಲ್ಲಿ ಅಡಗಿದೆ. ಯಂತ್ರ ಅಳವಡಿಸಲು ಬಂದ ಹುಡುಗನಿಗೆ ಅದರ ಪರಿವೆಯೇ ಇರಲಿಲ್ಲ.

ಕೇಬಲ್‌ಗಳ ಬಣ್ಣದ ಬಗ್ಗೆಯೂ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಎಲ್ಲರ ಕೈಗೆ ಕೂತಿರುವ ಕ್ರಮ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಬಿಡಿ ಕೇಬಲ್ ತರಿಸುವಾಗ ಅಮೆರಿಕದ ಕ್ರಮದ್ದು ಬಂದರೆ ಬಲಗೈಗೆ ಬಿಳಿ, ಎಡಗೈಗೆ ಕಪ್ಪು, ಕೆಂಪು ಎಡಗಾಲಿಗೆ ಹೋಗುತ್ತದೆ, ಅವಸರದಲ್ಲಿ ಎಲ್ಲ ಅದಲುಬದಲಾಗುತ್ತದೆ. ಎರಡು ಕೈಗಳ ಲೀಡ್ ತಿರುವುಮುರುವಾದರೆ ಒಂದನೇ ಲೀಡ್ ತಲೆಕೆಳಗಾಗಿ ಎವಿಆರ್ ನೆಟ್ಟಗಾಗುತ್ತದೆ. ಅದನ್ನು ಈ ಯಂತ್ರ ಪ್ರತಿ ಸಲವೂ ಹಿಡಿದು, ಕೈಗಳ ಲೀಡ್ ಪರೀಕ್ಷಿಸಿ ಎಂದು ಹೇಳಿದೆ. ಇದು ಮೆಚ್ಚತಕ್ಕ ಸಂಗತಿ. ಆದರೆ ವಿ1 ಮತ್ತು ವಿ2 ಎಲೆಕ್ಟ್ರೋಡ್‌ಗಳನ್ನು ನಾಲ್ಕನೆಯ ಪಕ್ಕೆಲುಬಿನ ಸಂದಿಯ ಬದಲು ಎರಡನೆಯದಕ್ಕೆ ಏರಿಸಿ ಹಾಕಿದರೆ ಅದನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. ಸಂಕೋಚದಿಂದ ಸೆರಗು ಸರಿಸಲು ಹಿಂಜರಿಯುವ ಹೆಂಗಸರಲ್ಲಿ ಈ ತಪ್ಪು ಸಾಮಾನ್ಯ. ಆಗ ವಿ1, ವಿ2ರಲ್ಲಿ ಆರ್ ಅಲೆ (ಕ್ಯೂಆರ್‌ಎಸ್‌ನ ಮೇಲ್ಮುಖ ಭಾಗ) ಕುಗ್ಗುತ್ತದೆ, ಯಂತ್ರ ನಿಸ್ಸಂಕೋಚವಾಗಿ ಹಿಂದೆಂದೋ ಹೃದಯಾಘಾತ ಆಗಿರಬಹುದು ಎಂದು ಬರೆಯುತ್ತದೆ.

ಇಲ್ಲಿಂದ ಷರಾದ ಕಥೆ. ಬಡಿತದ ವೇಗ, ಪಿಆರ್ ಅವಧಿ, ಕ್ಯೂಆರ್‌ಎಸ್ ಅಗಲ, ಕ್ಯೂಟಿ ಇವನ್ನು ಯಂತ್ರ ಅಳೆಯುವುದು ನಮ್ಮ ಕೈಯಲ್ಲಿನ ಸ್ಕೇಲಿಗಿಂತ ಬೇಗ ಮತ್ತು ಬಹುಪಾಲು ಸರಿ. ದೊಡ್ಡ ಹೃದಯಾಘಾತವನ್ನೂ ಅದು ತಪ್ಪಿಸುವುದಿಲ್ಲ: 2, 3, ಎವಿಎಫ್‌ಗಳಲ್ಲಿ ಎಸ್‌ಟಿ ಮೂರು ನಾಲ್ಕು ಮಿಲಿಮೀಟರ್ ಎದ್ದು ನಿಂತಿದ್ದರೆ ನಕ್ಷತ್ರ ಚಿಹ್ನೆಗಳ ನಡುವೆ ದಪ್ಪಕ್ಷರದಲ್ಲಿ ಕೂಗುತ್ತದೆ. ಆದರೆ ಅಷ್ಟು ಎದ್ದ ಗೆರೆಯನ್ನು ಇಂಟರ್ನ್‌ಶಿಪ್‌ನ ಮೊದಲ ವಾರದ ಹುಡುಗಿಯೂ ಗುರುತಿಸುತ್ತಾಳೆ. ನಮಗೆ ಸಹಾಯ ಬೇಕಿರುವುದು ಅದರ ಕೆಳಗಿನ ಹಂತದಲ್ಲಿ, ರಕ್ತನಾಳ ಪೂರ್ತಿ ಮುಚ್ಚಿದ್ದರೂ ಗೆರೆ ಇನ್ನೂ ಅಳತೆಗೋಲಿನ ಮಿತಿ ದಾಟದೇ ಇರುವಲ್ಲಿ. ತಂತ್ರಾಂಶವಾದರೋ ಅಳತೆಗೋಲನ್ನೇ ನೆಚ್ಚಿಕೊಂಡಿದೆ: ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಎಸ್‌ಟಿ 1 ಮಿಲಿಮೀಟರ್ ಏರಿರಬೇಕು, ವಿ2, ವಿ3ರಲ್ಲಾದರೆ 40 ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5. ಈ ಸಂಖ್ಯೆಗಳು ಮಾರ್ಗಸೂಚಿಯಿಂದಲೇ ಬಂದವು, ಅವುಗಳಲ್ಲಿ ತಪ್ಪಿಲ್ಲ. ಅವು ಮುಟ್ಟದ ಕಡೆ ಏನೂ ಇಲ್ಲವೆಂದು ಯಂತ್ರ ಬರೆಯುವುದು ತಪ್ಪು.

ಒಂದು ಪ್ರಸಂಗವನ್ನು ವಿವರವಾಗಿಯೇ ಹೇಳುತ್ತೇನೆ. ಮಧ್ಯವಯಸ್ಸಿನ ರೈತರೊಬ್ಬರು ಬೆಳಗಿನ ಜಾವ ಬೆವರುತ್ತ ಬಂದರು. ಜೊತೆಗಿದ್ದ ಮಗ, "ಗ್ಯಾಸ್ಟ್ರಿಕ್ ಇರ್ಬೇಕು ಸಾರ್, ರಾತ್ರಿ ಊಟ ತಡ ಆಗಿತ್ತು, ಒಂದು ಇಂಜೆಕ್ಷನ್ ಕೊಟ್ರೆ ಸರಿಹೋಗುತ್ತೆ" ಎಂದ. ಕಾಗದದ ತಲೆಯಲ್ಲಿ ಸೈನಸ್ ರಿದಮ್ (ಸಹಜ ಲಯ), ನಾರ್ಮಲ್ ಇಸಿಜಿ ಎಂದು ಅಚ್ಚಾಗಿತ್ತು. ಮೂರನೇ ಲೀಡಿನ ಕ್ಯೂಆರ್‌ಎಸ್ ನಾಲ್ಕು ಸಣ್ಣ ಚೌಕ (ಒಂದು ಚೌಕ ಅಂದರೆ ಒಂದು ಮಿಲಿಮೀಟರ್) ಎತ್ತರವೂ ಇರಲಿಲ್ಲ. ಅದರ ನಂತರದ ಟಿ ಅಲೆ ಮಾತ್ರ ಅದಕ್ಕಿಂತ ಎತ್ತರವಾಗಿ, ಬುಡ ಅಗಲವಾಗಿ, ಉಬ್ಬಿಕೊಂಡಿತ್ತು. ಎಸ್‌ಟಿ ಏರಿಕೆ ಅರ್ಧ ಚೌಕ, ಅಂದರೆ ನಿಯಮದ ಅರ್ಧ. ಕಣ್ಣನ್ನು ಎವಿಎಲ್ ಕಡೆಗೆ ತಿರುಗಿಸಿದಾಗ ವಿಷಯ ಬೇರೆಯೇ ಆಯಿತು: ಅಲ್ಲಿ ಎಸ್‌ಟಿ ಕೂದಲೆಳೆಯಷ್ಟು ಕುಸಿದು ಟಿ ಅಲೆ ಕೆಳಮುಖವಾಗಿತ್ತು. ಹೃದಯದ ಕೆಳಭಿತ್ತಿಯ ಆಘಾತ ಶುರುವಾಗುವಾಗ ಎದುರಿನ ಎವಿಎಲ್ ಹೀಗೆ ಮೊದಲೇ ಸುಳಿವು ಕೊಡುವುದುಂಟು. ಎಲೆಕ್ಟ್ರೋಡ್‌ಗಳನ್ನು ತೆಗೆಯದೆ ಹಾಗೆಯೇ ಬಿಟ್ಟು ಕಾಲು ಗಂಟೆಯಲ್ಲಿ ಎರಡನೆಯದು ತೆಗೆದೆವು. ಈ ಸಲ 2, 3, ಎವಿಎಫ್‌ಗಳಲ್ಲಿ ಎಸ್‌ಟಿ ಎರಡು ಚೌಕ ಏರಿತ್ತು, ಯಂತ್ರವೂ ನಕ್ಷತ್ರಗಳೊಡನೆ ಎಚ್ಚೆತ್ತುಕೊಂಡಿತು. ಎದೆಯ ಬಲಗಡೆಯ ವಿ4ಆರ್ ಲೀಡ್ ತೆಗೆದು ಬಲ ಕುಹರಕ್ಕೆ (ಹೃದಯದ ಬಲ ಕೆಳಕೋಣೆಗೆ) ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡೆವು. ಬಲ ಕುಹರ ಸೇರಿಕೊಂಡಿದ್ದರೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯಿಂದ ರಕ್ತದೊತ್ತಡ ಕುಸಿದುಬಿಡಬಹುದು. ಆದ್ದರಿಂದ ಕೆಳಭಿತ್ತಿಯ ಆಘಾತದಲ್ಲಿ ಆ ಲೀಡನ್ನು ಬಿಡುವಂತಿಲ್ಲ.

ಇಲ್ಲಿ ಯಂತ್ರದ ಒಂದು ನಿಜವಾದ ಗುಣವೂ ಕಂಡಿತು. ಒಂದೇ ರೋಗಿಯ ಹಿಂದಿನ ಮತ್ತು ಈಗಿನ ಇಸಿಜಿಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದಿಟ್ಟು ತೋರಿಸುವ ಕೀಲಿ ಇದರಲ್ಲಿದೆ. ಜಾಹೀರಾತಿನಲ್ಲಿ ಇದಕ್ಕೆ ಒಂದು ಸಾಲೂ ಸಿಕ್ಕಿಲ್ಲ, ಆದರೆ ಹಣ ಕೊಡಬೇಕಾದ್ದು ಇದಕ್ಕೇ. ಕಷ್ಟದ ಇಸಿಜಿ ಅನೇಕ ಸಲ ಎರಡನೆಯ ಇಸಿಜಿಯಲ್ಲಿ ಸುಲಭವಾಗುತ್ತದೆ. ನೋವು ಇರುವವರೆಗೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆಯಲು ಬೇಸರಪಡದಂತೆ ಮಾಡುವ ಯಂತ್ರವೇ ಒಳ್ಳೆಯ ಯಂತ್ರ.

ತಂತ್ರಾಂಶದ ಬಲಹೀನತೆಗಳನ್ನು ಇನ್ನಷ್ಟು ಹೇಳಬೇಕಾಗಿದೆ. ಡಿ ವಿಂಟರ್ ಮಾದರಿ ಎಂಬುದೊಂದಿದೆ, 2008ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ವರ್ಣಿಸಿದ್ದು: ಎದೆಯ ಲೀಡ್‌ಗಳಲ್ಲಿ ಎಸ್‌ಟಿ ಒಂದರಿಂದ ಮೂರು ಮಿಲಿಮೀಟರ್ ಕುಸಿದು, ಅಲ್ಲಿಂದ ಇಳಿಜಾರನ್ನು ಹತ್ತುವಂತೆ ಏರಿ ಎತ್ತರದ ಸಮಪಾರ್ಶ್ವದ ಟಿ ಅಲೆಯಲ್ಲಿ ಕೂಡಿಕೊಳ್ಳುತ್ತದೆ. ಎಡ ಮುಂಭಾಗದ ಮುಖ್ಯ ರಕ್ತನಾಳ ಮೇಲ್ತುದಿಯಲ್ಲೇ ಮುಚ್ಚಿರುವುದರ ಗುರುತು ಇದು. ಎಸ್‌ಟಿ ಏರಿಲ್ಲವಾದ್ದರಿಂದ ಯಂತ್ರದ ಕಣ್ಣಿಗೆ ಇದು ಬರಿಯ ಎಸ್‌ಟಿ ಕುಸಿತ. ಟಿ ಅಲೆ ಎತ್ತರವೆಂದು ಪೊಟ್ಯಾಸಿಯಂ ಹೆಚ್ಚಿರಬಹುದೇ ಎಂದೂ ಕೇಳುತ್ತದೆ. ಹಿಂಭಿತ್ತಿಯ ಆಘಾತದಲ್ಲೂ ಇದೇ ಪಾಡು. ವಿ1ರಿಂದ ವಿ4ರವರೆಗೆ ಎಸ್‌ಟಿ ಕುಸಿದು ಆರ್ ಅಲೆ ಎತ್ತರವಾಗಿದ್ದರೆ ಎಲೆಕ್ಟ್ರೋಡ್‌ಗಳನ್ನು ಬೆನ್ನಿಗೆ ಒಯ್ದು ವಿ7, ವಿ8, ವಿ9 ತೆಗೆಯಬೇಕು, ಅಲ್ಲಿ ಅರ್ಧ ಮಿಲಿಮೀಟರ್ ಏರಿಕೆಯೂ ಅರ್ಥಪೂರ್ಣ. ಯಂತ್ರ ಹಾಗೆ ಮಾಡಿ ಎಂದು ಸೂಚಿಸುವುದಿಲ್ಲ. ನಾವಾಗಿಯೇ ಬೆನ್ನಿಗೆ ಹಾಕಿ ತೆಗೆದರೂ ಕಾಗದದ ಮೇಲೆ ವಿ4, ವಿ5, ವಿ6 ಎಂದೇ ಅಚ್ಚಾಗುತ್ತದೆ. ಪೆನ್ನಿನಲ್ಲಿ ತಿದ್ದಿ ಬರೆಯದಿದ್ದರೆ ಮುಂದಿನ ಆಸ್ಪತ್ರೆಯವರು ದಾರಿ ತಪ್ಪುವುದು ಖಂಡಿತ. ಇಷ್ಟು ಬೆಲೆಯ ಯಂತ್ರದಲ್ಲಿ ಲೀಡಿನ ಹೆಸರು ಬದಲಿಸುವ ಸೌಲಭ್ಯ ಇಲ್ಲದಿರುವುದು ಅಕ್ಷಮ್ಯ.

ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ) ಇರುವವರಲ್ಲಿ ಯಂತ್ರ ಕೈಚೆಲ್ಲಿ ಕೂರುತ್ತದೆ: ಬ್ಲಾಕ್ ಇದೆ, ಮುಂದಿನ ವಿಶ್ಲೇಷಣೆ ಮಾಡಿಲ್ಲ ಎಂದು ಬರೆದು ಮುಗಿಸುತ್ತದೆ. ಸುಳ್ಳು ಹೇಳುವುದಕ್ಕಿಂತ ಇದು ಮೇಲು ಎಂದೇ ನನ್ನ ಭಾವನೆ. ಆದರೆ ಕೈಯಲ್ಲಿ ಅಳೆಯಲು ದಾರಿಯಿದೆ. 1996ರಲ್ಲಿ ಸ್ಗಾರ್ಬೋಸ ಮತ್ತು ಸಂಗಡಿಗರು ಕೊಟ್ಟ ಮಾನದಂಡದಂತೆ ಕ್ಯೂಆರ್‌ಎಸ್ ಮೇಲ್ಮುಖವಾಗಿರುವಲ್ಲೇ ಎಸ್‌ಟಿ 1 ಮಿಲಿಮೀಟರ್ ಏರಿದ್ದರೆ, ಅಥವಾ ವಿ1ರಿಂದ ವಿ3ರ ನಡುವೆ ಅಷ್ಟೇ ಕುಸಿದಿದ್ದರೆ ಹೃದಯಾಘಾತದ ಅನುಮಾನ ಬಲವಾಗುತ್ತದೆ. ಕ್ಯೂಆರ್‌ಎಸ್‌ಗೆ ವಿರುದ್ಧ ದಿಕ್ಕಿನಲ್ಲಿ 5 ಮಿಲಿಮೀಟರ್ ಏರಿರಬೇಕೆಂಬ ಮೂರನೆಯ ನಿಯಮವನ್ನು 2012ರಲ್ಲಿ ಸ್ಮಿತ್ ಅವರ ತಂಡ ಅನುಪಾತಕ್ಕೆ ಬದಲಿಸಿತು: ಏರಿಕೆ ಎಸ್ ಅಲೆಯ (ಆರ್ ನಂತರದ ಕೆಳಮುಖ ಭಾಗ) ಆಳದ ಕಾಲು ಭಾಗ ಮುಟ್ಟಿದರೆ ಸಾಕು. ಈ ಗುಣಾಕಾರ ಭಾಗಾಕಾರ ಯಂತ್ರಕ್ಕೆ ಎಷ್ಟು ಹೊತ್ತಿನ ಕೆಲಸ? ಅದನ್ನು ಮಾಡಿಸುವ ಗೋಜಿಗೆ ತಯಾರಕರು ಹೋಗಿಲ್ಲ.

ವೆಲೆನ್ಸ್ ಮಾದರಿಯ ವಿಷಯದಲ್ಲಿ ಯಂತ್ರವನ್ನು ಪೂರ್ತಿ ದೂರುವಂತಿಲ್ಲ. ವಿ2, ವಿ3ರಲ್ಲಿ ಟಿ ಅಲೆ ಮೊದಲು ಏರಿ ನಂತರ ಇಳಿದಿದ್ದರೆ ಅಥವಾ ಆಳವಾಗಿ ತಲೆಕೆಳಗಾಗಿದ್ದರೆ ಟಿ ಅಲೆ ಅಸಹಜ ಎಂದು ಅದು ಬರೆಯುತ್ತದೆ. ಅಪಾಯವೇನೆಂದರೆ ಆ ಹೊತ್ತಿಗೆ ರೋಗಿಯ ನೋವು ನಿಂತಿರುತ್ತದೆ, ಅವರು ಮನೆಗೆ ಹೊರಟು ನಿಂತಿರುತ್ತಾರೆ. ನೋವು ಇತ್ತು, ಈಗಿಲ್ಲ ಎಂಬ ಸಂಗತಿಯನ್ನು ಸೇರಿಸಿಕೊಂಡಾಗ ಮಾತ್ರ ಆ ಟಿ ಅಲೆಗೆ ಅರ್ಥ ಬರುತ್ತದೆ: ರಕ್ತನಾಳ ಒಮ್ಮೆ ಮುಚ್ಚಿ ತೆರೆದಿದೆ, ಮತ್ತೆ ಮುಚ್ಚಬಹುದು, ಟ್ರೆಡ್‌ಮಿಲ್ ಮೇಲೆ ಓಡಿಸಬಾರದು. ಯಂತ್ರಕ್ಕೆ ಗೊತ್ತಿರುವುದು ಹತ್ತು ಸೆಕೆಂಡಿನ ವಿದ್ಯುತ್ತು ಮಾತ್ರ. ನೋವು ಯಾವಾಗ ಬಂತು, ಎಷ್ಟು ಹೊತ್ತಿತ್ತು ಎಂದು ಅದು ಕೇಳುವುದಿಲ್ಲ.

ಇನ್ನೊಂದು ದಿಕ್ಕಿನ ತಪ್ಪು, ಇಲ್ಲದ್ದನ್ನು ಇದೆ ಎನ್ನುವುದು. ವರ್ಷಗಟ್ಟಲೆ ಬಿಪಿ ಇದ್ದು ಹೃದಯದ ಗೋಡೆ ದಪ್ಪವಾದವರಲ್ಲಿ, ಹರೆಯದ ಗಟ್ಟಿಮುಟ್ಟಾದ ಹುಡುಗರಲ್ಲಿ ಎಸ್‌ಟಿ ಸಹಜವಾಗಿಯೇ ಸ್ವಲ್ಪ ಏರಿರುತ್ತದೆ. ಯಂತ್ರ ಅಲ್ಲಿಯೂ ಆಘಾತವನ್ನು ಕಾಣುತ್ತದೆ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ದಿನಗಳಲ್ಲಿ ಲ್ಯಾಬ್‌ನಲ್ಲಿ ಇಸಿಜಿ ಮಾಡಿಸಿ, ಕಾಗದದ ತಲೆಯ ಇಂಗ್ಲಿಷ್ ಸಾಲನ್ನು ತಾವೇ ಓದಿಕೊಂಡು ಓಡಿ ಬಂದವರು ನಮ್ಮಲ್ಲಿಗೂ ಬಹಳ ಮಂದಿ. "ಡಾಕ್ಟ್ರೇ, ಇದ್ರಲ್ಲಿ ಅಬ್‌ನಾರ್ಮಲ್ ಅಂತ ಬಂದಿದೆ, ಆಪರೇಷನ್ ಬೇಕಾಗುತ್ತಾ?" ಎಂದು ಕೇಳಿದ ಅಮ್ಮನ ಇಸಿಜಿಯಲ್ಲಿ ಇದ್ದದ್ದು ಮೇಲೇರಿಸಿ ಹಾಕಿದ ವಿ1 ಎಲೆಕ್ಟ್ರೋಡ್ ಒಂದೇ. ಸರಿಯಾದ ಜಾಗಕ್ಕೆ ಇಳಿಸಿ ಮತ್ತೊಂದು ತೆಗೆದುಕೊಟ್ಟೆವು. ಅದರ ತಲೆಯಲ್ಲಿ ನಾರ್ಮಲ್ ಎಂದು ಬಂದ ಮೇಲೆಯೇ ಅವರಿಗೆ ಸಮಾಧಾನ, ನನ್ನ ಮಾತಿನಿಂದ ಅಲ್ಲ!

ಕಳುಹಿಸುವ ಸೌಲಭ್ಯಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುವ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಇಲ್ಲಿಯೇ ಕೊಡುವ ವ್ಯವಸ್ಥೆ ಬಂದ ಮೇಲೆ ಯಂತ್ರದಿಂದ ನಾವು ಬಯಸುವುದೇ ಬದಲಾಗಿದೆ. ಆಂಜಿಯೋಪ್ಲಾಸ್ಟಿ ಆಗುವ ಜಾಗಕ್ಕೆ ಎರಡು ಗಂಟೆಯೊಳಗೆ ತಲುಪಿಸಲಾಗದ ಊರಿನಲ್ಲಿ ಆ ಇಂಜೆಕ್ಷನ್‌ನ ನಿರ್ಧಾರ ನಿಂತಿರುವುದು ಇಸಿಜಿಯ ಮೇಲೆ. ಈ ಯಂತ್ರ ಮಾಡುವ ಪಿಡಿಎಫ್‌ನಲ್ಲಿ ಚೌಕಗಳು ಸ್ಪಷ್ಟವಾಗಿ ಉಳಿಯುತ್ತವೆ, ಓದುವವರು ಹಿಗ್ಗಿಸಿ ಎಣಿಸಬಹುದು. ಮಡಿಕೆ ಬಿದ್ದ ಕಾಗದವನ್ನು ಟ್ಯೂಬ್‌ಲೈಟ್ ಕೆಳಗೆ ಫೋಟೊ ಹೊಡೆದು ವಾಟ್ಸ್‌ಆಪ್‌ನಲ್ಲಿ ಕಳಿಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಉಪಕಾರವಲ್ಲ.

ಮಾರಾಟಗಾರರು ತಮ್ಮ ತಂತ್ರಾಂಶವನ್ನು ಕೃತಕ ಬುದ್ಧಿಮತ್ತೆ ಎಂದು ಕರೆಯುವುದರಿಂದ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಸ್ಲೊವಾಕಿಯಾ ಮೂಲದ ಪವರ್‌ಫುಲ್ ಮೆಡಿಕಲ್ ಕಂಪನಿಯ ಮಾದರಿಯೊಂದನ್ನು ಯುರೋಪ್ ಮತ್ತು ಅಮೆರಿಕದ ರೋಗಿಗಳ 2263 ಇಸಿಜಿಗಳ ಮೇಲೆ ಪರೀಕ್ಷಿಸಿದ ಅಧ್ಯಯನದಲ್ಲಿ, ಎಸ್‌ಟಿ ಏರಿಕೆಯ ಸಾಂಪ್ರದಾಯಿಕ ಮಾನದಂಡ ಮುಚ್ಚಿದ ರಕ್ತನಾಳಗಳಲ್ಲಿ ಶೇ 32.5ರಷ್ಟನ್ನು ಮಾತ್ರ ಹಿಡಿದರೆ ಆ ಮಾದರಿ ಶೇ 80.6ರಷ್ಟನ್ನು ಹಿಡಿಯಿತು, ಆಘಾತವಿಲ್ಲದವರನ್ನು ಸರಿಯಾಗಿ ಬಿಟ್ಟುಕೊಡುವುದರಲ್ಲಿ ಮಾತ್ರ ಶೇ 97.7ಕ್ಕೆ ಎದುರಾಗಿ ಶೇ 93.7 ಎಂದು ತುಸು ಹಿಂದೆ ಬಿತ್ತು. ಅದು ಸಾವಿರಾರು ಇಸಿಜಿಗಳ ಜೊತೆಗೆ ಆಂಜಿಯೋಗ್ರಾಮ್ ಫಲಿತಾಂಶಗಳನ್ನೂ ನೋಡಿ ಕಲಿತದ್ದು. ನಮ್ಮ ಯಂತ್ರದೊಳಗಿರುವುದು ಅಳತೆ ಮತ್ತು ನಿಯಮಗಳ ಹಳೆಯ ಪದ್ಧತಿಯದ್ದು. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಕಾಗದ, ಬ್ಯಾಟರಿಗಳ ವಿಷಯ ಬೇಗ ಮುಗಿಸುತ್ತೇನೆ. ಕರೆಂಟು ಹೋದಾಗ ಬ್ಯಾಟರಿ ಕೈಕೊಟ್ಟಿಲ್ಲ. ಥರ್ಮಲ್ ಕಾಗದ ದುಬಾರಿ, ಬೇಗ ಮಾಸುತ್ತದೆ, ಸ್ಯಾನಿಟೈಸರ್ ತಾಗಿದ ಕೈಯಲ್ಲಿ ಹಿಡಿದರೆ ಕಪ್ಪಾಗುತ್ತದೆ. ಕೇಸ್‌ಶೀಟಿಗೆ ಜೆರಾಕ್ಸ್ ಅಂಟಿಸುವುದೇ ಕ್ಷೇಮ. ಎದೆಗೆ ಒತ್ತುವ ರಬ್ಬರ್ ಬಲ್ಬುಗಳು ಬಡಕಲು ದೇಹದ ಅಜ್ಜಂದಿರ ಪಕ್ಕೆಲುಬಿನ ಮೇಲೆ ನಿಲ್ಲುವುದಿಲ್ಲ, ಅಂಟುವ ಎಲೆಕ್ಟ್ರೋಡ್‌ಗಳನ್ನು ಬೇರೆಯಾಗಿ ತರಿಸಬೇಕು.

ರಾತ್ರಿ ಡ್ಯೂಟಿ ಡಾಕ್ಟರ್ ಇಲ್ಲದ ನರ್ಸಿಂಗ್ ಹೋಮ್‌ನವರು, ಯಂತ್ರವೇ ಓದಿ ಹೇಳುತ್ತದಲ್ಲ ಎಂಬ ನಂಬಿಕೆಯಿಂದ ಇದನ್ನು ಕೊಳ್ಳುವುದಾದರೆ ಬೇಡವೆಂದೇ ಹೇಳುತ್ತೇನೆ. ಓದುವವರು ಹತ್ತಿರವೋ ಫೋನಿನ ಆಚೆಯೋ ಇದ್ದರೆ ಈ ಬೆಲೆಗೆ ಇದು ಒಳ್ಳೆಯ ಯಂತ್ರ. ಡೆಮೊ ತೋರಿಸಲು ಬಂದವರ ಮುಂದೆ ಫಿಲ್ಟರ್ ಪುಟ ತೆರೆಸಿ, ಹಿಂದಿನ ಇಸಿಜಿಯನ್ನು ಪಕ್ಕದಲ್ಲಿಟ್ಟು ತೋರಿಸಲು ಹೇಳಿ, ವಿ7 ಎಂದು ಹೆಸರು ಬದಲಿಸಲು ಬರುತ್ತದೆಯೇ ಎಂದು ಕೇಳಿ. ನಮ್ಮಲ್ಲಿ ಈಗ ಷರಾ ಕಾಗದದ ಮೇಲೆ ಅಚ್ಚಾಗದಂತೆ ಸೆಟ್ಟಿಂಗ್ ಬದಲಿಸಿದ್ದೇವೆ. ಅಳತೆಯ ಸಂಖ್ಯೆಗಳಷ್ಟೇ ಮುದ್ರಣವಾಗುತ್ತವೆ, ಯಂತ್ರದ ಅಭಿಪ್ರಾಯ ಬೇಕೆನಿಸಿದವರು ಗೆರೆಯನ್ನು ತಾವೇ ಓದಿ ಕೇಸ್‌ಶೀಟಿನಲ್ಲಿ ಬರೆದ ಮೇಲೆ ಪರದೆಯಲ್ಲಿ ತೆರೆದು ನೋಡಿಕೊಳ್ಳುತ್ತಾರೆ.